ಯಜಮಾನರ ಇನ್ನೊಂದು ಎಡಗಾಲು

“ಅದನ್ನ ಈ ಮೇಜಿನ ಮೇಲೆ ಇಡು ಪುಟ್ಟ. ಮಗೂನ ಎತ್ಕೊಂಡ ಹಾಗೆ ನಿಂತಿದ್ದೀಯಲ್ಲ,” ಎಂದಳು ಅಕ್ಕ.

ಅರವತ್ತು ದಾಟಿದವನನ್ನು ಹೊರಗಿನವರ ಎದುರು ಪುಟ್ಟ ಅಂತ ಕರೆಯಬೇಡ ಎಂದು ಎಷ್ಟು ಸಲ ಹೇಳಿದರೂ ಅವಳಿಗೆ ಅಷ್ಟೇ. ನಾನು ಬೆಡ್‌ಶೀಟಿನ ಗಂಟನ್ನು ಮೇಜಿನ ಮೇಲಿಟ್ಟೆ. ಒಳಗಿದ್ದದ್ದು ಸತ್ತವನ ಮರದ ಕಾಲು.

ದಾರಿಯುದ್ದಕ್ಕೂ ಅದನ್ನು ನನ್ನ ಪಕ್ಕದ ಸೀಟಿನಲ್ಲೇ ಕೂರಿಸಿಕೊಂಡು ಬಂದಿದ್ದೆ. ಹಿಂದಿನ ಸೀಟಿನಲ್ಲಿ ಅಕ್ಕ ಮತ್ತು ಸತ್ತ ಸಾಮಿಲ್ಲು ಯಜಮಾನರ ಮಗಳು. ಡಿಕ್ಕಿಗೆ ಹಾಕೋಣ ಅಂದರೆ “ಮರ್ಯಾದೆ ಬೇಡ್ವಾ?” ಎಂದು ಗದರಿಸಿದ್ದರು. ಕಾಲಿಗೆ ಸೀಟ್ ಬೆಲ್ಟು ಹಾಕಿದ ಮೊದಲ ಡ್ರೈವರು ನಾನೇ ಇರಬೇಕು. ಬ್ರೇಕು ಒತ್ತಿದಾಗೆಲ್ಲ ಅದು ಮೆಲ್ಲಗೆ ನನ್ನ ಕಡೆ ವಾಲುತ್ತಿತ್ತು, ನಾನು ಮೊಣಕೈಯಿಂದ ಅದನ್ನು ಆಚೆ ತಳ್ಳುತ್ತಿದ್ದೆ.

ಮೊನ್ನೆ ಮಧ್ಯಾಹ್ನ ಸಾಮಿಲ್ಲಿನ ಗರಗಸ ನಿಂತ ಹೊತ್ತಿನಲ್ಲಿ, ಖಾಲಿ ಅಟ್ಟದ ಮೇಲೆ ಸತ್ತ ಯಜಮಾನರ ಕುಂಟು ಹೆಜ್ಜೆಯನ್ನು ನಾವು ಮೂವರೂ ಕಿವಿಯಾರೆ ಕೇಳಿದ್ದೆವಲ್ಲ, ಅಂದಿನಿಂದ ನನಗೆ ಮರದ ಸದ್ದು ಕೇಳಿದರೇ ಎದೆ ಧಸಕ್ಕೆನ್ನುತ್ತಿದೆ. ಠಕ್ ಅಂತ ಒಂದು ಪೆಟ್ಟು, ಆಮೇಲೆ ಸರ್ರೆಂದು ಎಳೆದ ಸದ್ದು. ಮೆಟ್ಟಿಲು ಹತ್ತಿ ನೋಡಿದರೆ ಅಲ್ಲಿ ಮರದ ಪುಡಿ ಬಿಟ್ಟರೆ ಏನೂ ಇರಲಿಲ್ಲ.

“ದೆವ್ವಕ್ಕೆ ಕಾಲೇ ಇರಲ್ಲ ಅಂತಾರೆ. ಇದಕ್ಕೆ ಒಂದೂವರೆ ಕಾಲು ಇದೆ. ಹಾಗಾಗಿ ಇದು ದೆವ್ವ ಅಲ್ಲ,” ಎಂದು ಅಲ್ಲೇ ತೀರ್ಮಾನಿಸಿದ್ದಳು ಅಕ್ಕ. ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸಿದವಳು. ಹುಡುಗರು ಅವಳನ್ನು ತರ್ಕಮ್ಮ ಎಂದು ಕರೆಯುತ್ತಿದ್ದರು. ಈ ಕಾಲನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಕಡ ಕೊಟ್ಟ ಇನ್‌ಸ್ಪೆಕ್ಟರು ಕೂಡ ಅವಳ ಶಿಷ್ಯನೇ, ಅವಳ ಪೇಪರಿನಲ್ಲಿ ಎರಡು ಸಲ ಡುಮ್ಕಿ ಹೊಡೆದವನು. ಈಗಲೂ ಅವಳನ್ನು ಕಂಡರೆ ಕುರ್ಚಿ ಬಿಟ್ಟು ಎದ್ದು ನಿಲ್ಲುತ್ತಾನೆ.

ಈಗ ನಾವು ನಿಂತಿದ್ದದ್ದು ಕಾಲಣ್ಣನ ಕಾರ್ಖಾನೆಯಲ್ಲಿ. ಮರದ ಕಾಲು ಮಾಡುವುದೇ ಅವನ ಕಸುಬು, ಅದಕ್ಕೇ ಆ ಅಡ್ಡಹೆಸರು. ಉದ್ದನೆಯ ಕೋಣೆ, ಒಂದೇ ಕಿಟಕಿ. ತೊಲೆಯಿಂದ ತೊಲೆಗೆ ತಂತಿ ಕಟ್ಟಿ, ಅದರಲ್ಲಿ ಕೊಕ್ಕೆ ಹಾಕಿ, ಕೊಕ್ಕೆಗೊಂದರಂತೆ ಪಾದಗಳು, ಕಣಕಾಲುಗಳು, ಪಟ್ಟಿಗಳು. ಬಾಗಿಲಿನಿಂದ ಗಾಳಿ ಬಂದಾಗ ಅವೆಲ್ಲ ಒಟ್ಟಿಗೆ ಅಲುಗುತ್ತಿದ್ದವು. ನಾನು ತಲೆ ತಗ್ಗಿಸಿಕೊಂಡೇ ನಿಂತೆ. ನೇತಾಡುವ ಹೆಬ್ಬೆರಳು ಹಣೆಗೆ ತಾಗುವುದು ಯಾರಿಗೆ ಬೇಕು?

ಕಾಲಣ್ಣ ಬೆಡ್‌ಶೀಟು ಬಿಡಿಸಿದ. ಕಾಲನ್ನು ತಿರುಗಿಸಿ ನೋಡಿದ. ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ.

“ಕೋರ್ಟಲ್ಲಿ ಹೇಳಿದ್ದೇ ಈಗಲೂ ಹೇಳ್ತೀನಿ. ಇದು ಸಾಮಿಲ್ಲು ಯಜಮಾನ್ರ ಎಡಗಾಲು. ನನ್ನ ಕೈಕೆಲಸ. ನೋಡಿ, ಮೂರು ಕಚ್ಚು. ಅದು ಅವರೊಬ್ಬರಿಗೇ ಹಾಕೋ ಗುರುತು. ಬಟ್ಟಲಿಗೂ ಇದೆ, ಕಣಕಾಲಿಗೂ ಇದೆ, ಪಾದಕ್ಕೂ ಇದೆ.”

ಬಟ್ಟಲು ಅಂದರೆ ಮೇಲ್ಭಾಗ, ಮೊಂಡುಗಾಲು ಕೂರುವ ಗುಳಿ. ಮಗಳು ಅದರತ್ತ ನೋಡಲಿಲ್ಲ. ಕಿಟಕಿಯ ಕಡೆ ಮುಖ ಮಾಡಿಕೊಂಡು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದಳು.

ಪಾಪ, ಅವಳ ಸ್ಥಿತಿ ಯಾರಿಗೂ ಬೇಡ. ಕಾಲುವೆಯ ತೂಬಿಗೆ ಸಿಕ್ಕಿಕೊಂಡಿದ್ದ ಹೆಣ ಮೇಲೆ ಬಂದಾಗ ಮುಖ ಅಂತ ಏನೂ ಉಳಿದಿರಲಿಲ್ಲ. ಈ ಕಾಲು ಉಳಿದಿತ್ತು, ಯಜಮಾನರ ಕೋಟು ಉಳಿದಿತ್ತು. ಅಷ್ಟು ಸಿಕ್ಕ ಮೇಲೆ ಬೇರೆ ಪರೀಕ್ಷೆ ಯಾಕೆ ಎಂದು ಯಾರಿಗೂ ಅನ್ನಿಸಲಿಲ್ಲ. ಮಿಲ್ಲು ಮಾರುವ ವಿಷಯಕ್ಕೆ ಅಪ್ಪ ಮಗ ಕಿತ್ತಾಡಿದ್ದನ್ನು ಕೆಲಸದವರೆಲ್ಲ ಕೇಳಿದ್ದರು. ಅವತ್ತು ಸಂಜೆ ಮಗ ಕಾಲುವೆಯ ಕಡೆಯಿಂದ ಒದ್ದೆ ಬಟ್ಟೆಯಲ್ಲಿ ಬಂದದ್ದನ್ನು ತೂಬಿನ ಕಾವಲುಗಾರ ನೋಡಿದ್ದ. ಪೊಲೀಸರು ಮಗನನ್ನು ಹಿಡಿದುಕೊಂಡು ಹೋದರು. ಹೋದ ದಿನದಿಂದ ಅವನು ಬಾಯಿ ಬಿಟ್ಟಿಲ್ಲ. ವಕೀಲರ ಹತ್ತಿರವೂ ಇಲ್ಲ, ತಂಗಿಯ ಹತ್ತಿರವೂ ಇಲ್ಲ. ಸೋಮವಾರ ತೀರ್ಪು.

“ನಮ್ಮಣ್ಣಂಗೆ ಸ್ವಾಭಿಮಾನ ಜಾಸ್ತಿ ಮೇಡಂ. ಮಾಡದೇ ಇರೋ ತಪ್ಪಿಗೆ ಯಾಕೆ ಉತ್ತರ ಕೊಡ್ಲಿ ಅಂತ ಸುಮ್ಮನಿದ್ದಾನೆ,” ಎಂದು ಅವಳು ಮೊದಲ ದಿನವೇ ಅತ್ತಿದ್ದಳು. ಹೇಗಾದರೂ ಮಾಡಿ ಅವನನ್ನು ಉಳಿಸಿಕೊಡಿ ಎಂದು ಕೈ ಹಿಡಿದಿದ್ದಳು.

“ನಿಮ್ಮ ಕೈಕೆಲಸ ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ ಕಾಲಣ್ಣ,” ಎಂದಳು ಅಕ್ಕ, ಕನ್ನಡಕ ಏರಿಸಿಕೊಂಡು. “ಬಟ್ಟಲ ಒಳಗೆ ಇದೇನು, ಇಷ್ಟೊಂದು ಕಂಬಳಿ ತುಂಡು ಅಂಟಿಸಿದ್ದೀರಿ?”

“ಸಡಿಲ ಆಗಬಾರದಲ್ಲ ಅದಕ್ಕೆ.”

“ಯಾಕೆ ಸಡಿಲ ಆಗತ್ತೆ?”

“ಮೊಂಡು ವರ್ಷ ಕಳೆದ ಹಾಗೆ ಕರಗತ್ತೆ. ಬಟ್ಟಲು ದೊಡ್ಡದಾಗ್ಬಿಡತ್ತೆ.”

“ಆಗ ನೀವು ಹೊಸ ಬಟ್ಟಲು ಮಾಡ್ತೀರಿ. ಕಂಬಳಿ ತುರುಕಲ್ಲ. ಅಲ್ವಾ?”

ಕಾಲಣ್ಣ ಉಳಿಯೊಂದನ್ನು ಎತ್ತಿ ಬಟ್ಟೆಯಿಂದ ಒರೆಸತೊಡಗಿದ. ಅದು ಆಗಲೇ ಫಳಫಳ ಹೊಳೆಯುತ್ತಿತ್ತು.

ಅಕ್ಕ ಅವನನ್ನು ಅಲ್ಲಿಗೇ ಬಿಟ್ಟು ಮಗಳ ಕಡೆ ತಿರುಗಿದಳು. “ಒಂದು ಸಲ ನೋಡಮ್ಮ. ಕಷ್ಟ ಅಂತ ಗೊತ್ತು. ಪಾದ ಮಾತ್ರ ನೋಡು.”

ಅವಳು ಬಂದಳು. ಬೆರಳು ಚಾಚಿ ಮರದ ಹಿಮ್ಮಡಿಯನ್ನು ಮುಟ್ಟಿದಳು. ಪಾದದ ಮಧ್ಯೆ ಒಂದು ಬಿರುಕು, ಅದಕ್ಕೆ ಹಿತ್ತಾಳೆಯ ಪಟ್ಟಿ ಹೊಡೆದು ಬಿಗಿದಿತ್ತು. ಬಾಗಿ ಬೆರಳುಗಳನ್ನು ನೋಡಿದವಳು ಇದ್ದಕ್ಕಿದ್ದಂತೆ ಬಾಯಿಗೆ ಕೈ ಅಡ್ಡ ಹಿಡಿದಳು.

“ಅಯ್ಯೋ... ಇದು ನಾನು ಹಚ್ಚಿದ್ದು!”

ಕಿರುಬೆರಳಿನ ಉಗುರು ಕೆತ್ತಿದ ಗೆರೆಯೊಳಗೆ ಚೂರೇ ಚೂರು ಕೆಂಪು. ನಾನಾಗಿದ್ದರೆ ಅದನ್ನು ಕೊಳೆ ಅಂದುಕೊಳ್ಳುತ್ತಿದ್ದೆ.

“ಅಮ್ಮನ ಉಗುರುಬಣ್ಣ. ನಾನು ಮೂರನೇ ಕ್ಲಾಸಲ್ಲಿದ್ದೆ. ಅಪ್ಪ ಊಟ ಮಾಡಿ ಕಾಲು ಬಿಚ್ಚಿಟ್ಟು ಮಲಗಿದ್ರು. ಐದೂ ಬೆರಳಿಗೆ ಬಳಿದುಬಿಟ್ಟಿದ್ದೆ. ಬೈತಾರೆ ಅಂತ ಮಂಚದ ಕೆಳಗೆ ಬಚ್ಚಿಟ್ಕೊಂಡ್ರೆ, ಅವರು ಬೈಲೇ ಇಲ್ಲ. ಮಿಲ್ಲಲ್ಲಿ ಎಲ್ಲರಿಗೂ ಶೂ ಬಿಚ್ಚಿ ತೋರ್ಸಿದ್ರಂತೆ, ನನ್ನ ಮಗಳು ನನ್ನನ್ನ ಮದುಮಗಳು ಮಾಡಿದ್ದಾಳೆ ನೋಡಿ ಅಂತ.” ನಗಲು ಹೋಗಿ ಅವಳು ಬಿಕ್ಕಿದಳು.

“ಆಮೇಲೆ ಆ ಪಾದ ಏನಾಯ್ತು?” ಅಕ್ಕನ ಧ್ವನಿ ಮೆತ್ತಗಿತ್ತು, ಆದರೆ ಬಿಡುವವಳಲ್ಲ.

“ಏನಾಯ್ತು ಅಂದ್ರೆ... ನಾನು ಹೈಸ್ಕೂಲು ಸೇರಿದ ವರ್ಷ ಅದು ಒಡೆದುಹೋಯ್ತು. ಮಿಲ್ಲಿನ ಮೆಟ್ಟಿಲಲ್ಲಿ ಎಡವಿದ್ರು. ಹೊಸ ಪಾದ ಹಾಕಿಸ್ಕೊಂಡು ಬಂದ್ರು.” ಅವಳು ನಿಲ್ಲಿಸಿದಳು. ಬಿರುಕನ್ನು ನೋಡಿದಳು, ಕಾಲಣ್ಣನನ್ನು ನೋಡಿದಳು. “ಹೊಸ ಪಾದ ಹಾಕಿಸ್ಕೊಂಡಿದ್ರಲ್ಲ! ಹಾಗಾದ್ರೆ ಅಪ್ಪನ ಹೆಣದ ಮೇಲೆ ಈ ಹಳೇ ಪಾದ ಎಲ್ಲಿಂದ ಬಂತು?”

ಕೋಣೆಯಲ್ಲಿ ಕೊಕ್ಕೆಗಳು ಕಿರ್ರೆಂದವು. ಕಾಲಣ್ಣ ಉಳಿಯನ್ನು ಕೆಳಗಿಟ್ಟ.

“ಹೇಳಿಬಿಡಿ,” ಎಂದಳು ಅಕ್ಕ. “ಯಜಮಾನರ ಕಾಲಲ್ಲಿ ಇಷ್ಟು ವರ್ಷದಲ್ಲಿ ಏನೇನು ಬದಲಾಯಿಸಿದ್ದೀರಿ?”

“ಎಲ್ಲಾ ಬದಲಾಯಿಸಿದ್ದೀನಿ ತಾಯಿ. ಮೊದಲು ಪಾದ. ಆಮೇಲೆ ಪಟ್ಟಿ. ಕಣಕಾಲಿಗೆ ಹುಳ ಬಿತ್ತು, ಅದೂ ಹೊಸದು. ಹೋದ ವರ್ಷ ಬಟ್ಟಲು.”

“ಹಳೇ ತುಂಡುಗಳು?”

ಅವನು ತಲೆಯೆತ್ತಿ ತಂತಿಗಳತ್ತ ನೋಡಿದ. “ಎಸೆಯಲ್ಲ. ಒಬ್ಬ ಮನುಷ್ಯನ ಭಾರ ಅಷ್ಟು ವರ್ಷ ಹೊತ್ತಿರೋ ಮರ. ಒಲೆಗೆ ಹಾಕೋಕೆ ಮನಸ್ಸು ಬರಲ್ಲ. ಅವರವರದ್ದು ಅವರವರ ಕೊಕ್ಕೆಗೆ ನೇತು ಹಾಕ್ತೀನಿ.” ಸ್ವಲ್ಪ ತಡೆದ. “ಹಳೇ ಬಟ್ಟಲು ತಂದು ಕೊಕ್ಕೆಗೆ ಹಾಕಿದ ದಿನ ನೋಡಿದ್ರೆ, ಯಜಮಾನ್ರ ಕಾಲು ಪೂರ್ತಿ ಅಲ್ಲೇ ಇತ್ತು. ಬಟ್ಟಲು, ಕಣಕಾಲು, ಪಾದ, ಪಟ್ಟಿ. ಏನೂ ಕಡಿಮೆ ಇಲ್ಲ. ಜೋಡಿಸಿದೆ. ನಿಂತ್ಕೊಂಡ್ತು.”

ಯಜಮಾನರು ತಮ್ಮ ಕಾಲಿನ ಮೇಲೆ ಊರೆಲ್ಲ ಓಡಾಡುತ್ತಿರುವಾಗ ಅದೇ ಕಾಲು ಇಲ್ಲಿ ಒಬ್ಬಂಟಿಯಾಗಿ ಎದ್ದು ನಿಂತಿದೆ!

“ನೋಡಿದ್ಯಾ ಪುಟ್ಟ?” ಅಕ್ಕನಿಗೆ ಇಂಥ ಹೊತ್ತಿನಲ್ಲೂ ಕಣ್ಣು ಮಿನುಗುತ್ತದೆ, ಏನು ಹೆಂಗಸೋ. “ನಿನ್ನ ಕಾರಿಗೆ ಇಂಜಿನ್ ಬದಲಾಯ್ಸಿದೆ, ಬಾಗಿಲು ಬದಲಾಯ್ಸಿದೆ, ಸೀಟೂ ಬದಲಾಯ್ಸಿದೆ. ಗುಜರಿಯವನು ಆ ಹಳೇ ಸಾಮಾನೆಲ್ಲ ಕೂಡಿಸಿ ಒಂದು ಕಾರು ಮಾಡಿದ ಅನ್ಕೋ. ನಿನ್ನ ಕಾರು ಯಾವುದು?”

“ನನ್ನ ಹತ್ರ ಕೀ ಇರೋದು.”

“ಅವನ ಹತ್ರ ಹಳೇ ಕೀ ಇದ್ದರೆ?”

“ಅಕ್ಕಾ, ಆ ಹುಡುಗಿ ಮುಖ ನೋಡು, ಆಮೇಲೆ ಪಾಠ ಮಾಡು,” ಎಂದು ಸಿಡುಕಿದೆ. ಅವಳು ತಪ್ಪಾಯಿತು ಎನ್ನುವಂತೆ ಹುಡುಗಿಯ ಭುಜದ ಮೇಲೆ ಕೈ ಇಟ್ಟಳು.

“ಆ ಇನ್ನೊಂದು ಕಾಲನ್ನ ಯಾರಿಗೆ ಕೊಟ್ರಿ ಕಾಲಣ್ಣ?”

“ನಾನು ಕೊಡಲಿಲ್ಲ. ಯಜಮಾನ್ರೇ ಕರ್ಕೊಂಡು ಬಂದ್ರು ಒಬ್ಬನ್ನ. ಬಸ್‌ಸ್ಟ್ಯಾಂಡಲ್ಲಿ ಮಲಗ್ತಿದ್ದನಂತೆ. ಊರುಗೋಲಿನವನು. ಎಡಗಾಲೇ ಇಲ್ಲ, ಅದೇ ಜಾಗಕ್ಕೆ ಕತ್ತರಿಸಿತ್ತು, ಹೆಚ್ಚುಕಡಿಮೆ ಅದೇ ಎತ್ತರ. ಸ್ವಲ್ಪ ಬಡಕಲು. ‘ನನ್ನ ಹಳೇದು ಇವನಿಗೆ ಆಗತ್ತಾ ನೋಡು’ ಅಂದ್ರು. ಕಂಬಳಿ ಹಾಕಿ ಬಿಗಿ ಮಾಡಿದೆ. ತಮ್ಮ ಕೋಟನ್ನೂ ಬಿಚ್ಚಿ ಅವನಿಗೇ ಹಾಕಿದ್ರು. ಎಂಥಾ ದೊಡ್ಡ ಮನಸ್ಸು ಅನ್ಕೊಂಡೆ.”

“ನಡೆದನಾ?”

ಕಾಲಣ್ಣ ಉತ್ತರ ಕೊಡುವ ಮೊದಲು ಬೆವರು ಒರೆಸಿಕೊಂಡ. “ನಡೆದ. ಈ ಬಾಗಿಲಿಂದ ಆ ಕಿಟಕಿ ತನಕ. ಥೇಟ್ ಯಜಮಾನ್ರ ಥರ. ಠಕ್ ಅಂತ ಇಟ್ಟು ಸರ್ ಅಂತ ಎಳೆಯೋದು. ನಾನು ಕಣ್ಣು ಮುಚ್ಕೊಂಡೆ. ಯಾರು ನಡೀತಿರೋದು ಅಂತ ಗೊತ್ತಾಗಲಿಲ್ಲ. ನಡಿಗೆ ಕಾಲಿನದ್ದು ತಾಯಿ, ಮನುಷ್ಯನದ್ದಲ್ಲ. ಯಜಮಾನ್ರು ನೋಡ್ತಾ ನಿಂತಿದ್ರು. ನಗ್ತಿದ್ರು.”

“ಇಷ್ಟೆಲ್ಲ ಗೊತ್ತಿದ್ದೂ ಕೋರ್ಟಲ್ಲಿ ಬಾಯಿ ಮುಚ್ಕೊಂಡ್ರಾ?” ಮಗಳು ಕೂಗಿದಳು. “ನಮ್ಮಣ್ಣ ಅಲ್ಲಿ ಕೂತಿದ್ದ! ನಿಮ್ಮ ಎದುರಿಗೇ ಕೂತಿದ್ದ!”

“ಕಾಲು ಯಾರದು ಅಂತ ಕೇಳಿದ್ರಮ್ಮ. ಯಜಮಾನ್ರದು ಅಂದೆ. ಸುಳ್ಳು ಹೇಳಲಿಲ್ಲ. ಹೆಣ ಯಾರದು ಅಂತ ನನ್ನ ಯಾರೂ ಕೇಳಲೇ ಇಲ್ಲ.”

“ಕೇಳದಿದ್ರೆ ಹೇಳಬಾರದಾ?” ನನಗೆ ಸಿಟ್ಟು ನೆತ್ತಿಗೇರಿತು. “ಏನಯ್ಯಾ, ಒಬ್ಬನ ಜೀವ ಹೋಗ್ತಿದೆ, ನೀನು ಮಾತಿಗೆ ತಕ್ಕಷ್ಟೇ ಉತ್ತರ ಅಳೆದು ಕೊಡ್ತೀಯಾ?”

“ಹೆದರಿಕೆ ಸ್ವಾಮಿ,” ಎಂದ ಅವನು. ದೊಡ್ಡ ಆಳು, ಕುಗ್ಗಿ ಅರ್ಧವಾಗಿದ್ದ. “ಯಜಮಾನ್ರೂ ಕಾಣ್ತಿಲ್ಲ, ಆ ಮನುಷ್ಯನೂ ಕಾಣ್ತಿಲ್ಲ. ಇಬ್ಬರಲ್ಲಿ ಒಬ್ಬರು ಸತ್ತಿದ್ದಾರೆ. ನಾನು ಬಾಯಿ ಬಿಟ್ಟು, ಇನ್ನೊಬ್ಬರು ಬಂದು ಈ ಬಾಗಿಲಲ್ಲಿ ನಿಂತರೆ? ಈಗಲೂ ಹೊರಗೆ ಠಕ್ ಅಂದ್ರೆ ಕೈಲಿದ್ದ ಉಳಿ ಜಾರತ್ತೆ.”

ಅಕ್ಕ ಕಾಲನ್ನು ಮತ್ತೆ ಬೆಡ್‌ಶೀಟಿನಲ್ಲಿ ಸುತ್ತಿದಳು, ನಿಧಾನವಾಗಿ, ಪಾದದ ಕಡೆಯಿಂದ. “ಸೋಮವಾರ ಇದನ್ನೇ ನ್ಯಾಯಾಧೀಶರ ಮುಂದೆ ಹೇಳ್ತೀರಿ,” ಎಂದಳು. ಅವನು ತಲೆಯಾಡಿಸಿದ.

ಕಾರು ಹೊರಟಿತು. ಪಕ್ಕದ ಸೀಟಿನಲ್ಲಿ ಕಾಲು ಬೆಲ್ಟು ಹಾಕಿಕೊಂಡು ಕೂತಿತ್ತು. ಯಜಮಾನರ ಕಾಲು ಎಂದು ಹೆದರುತ್ತಾ ಬಂದಿದ್ದೆ. ಈಗ ಬೇರೆ ಯಾರದೋ ಕಾಲು ಎಂದು ಗೊತ್ತಾದ ಮೇಲೆ ಹೆದರಿಕೆ ಇಮ್ಮಡಿಯಾಗಿತ್ತು. ಅವನ್ಯಾರೋ ಪಾಪ, ಹುಡುಕಿಕೊಂಡು ಒಬ್ಬರೂ ಬರಲಿಲ್ಲ. ಬೇರೆಯವನ ಹೆಸರಿನಲ್ಲಿ ಮಣ್ಣಾದ.

ಕನ್ನಡಿಯಲ್ಲಿ ಮಗಳ ಮುಖ ಕಾಣುತ್ತಿತ್ತು. ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳುವುದು ಕಷ್ಟ.

“ಅಪ್ಪ ಬದುಕಿದ್ದಾರೆ ಮೇಡಂ. ಅಲ್ವಾ? ಅಟ್ಟದ ಮೇಲೆ ನಡೆದದ್ದು ಅಪ್ಪನೇ.”

“ಇರಬಹುದು.”

“ಅಪ್ಪ ಬದುಕಿದ್ದಾರೆ ಅಂದ್ರೆ ಅಣ್ಣ ಅಪ್ಪನ್ನ ಕೊಂದಿಲ್ಲ. ಬಿಡಲೇಬೇಕು ಅವನನ್ನ. ಬಿಡ್ತಾರೆ ತಾನೇ?”

“ಅಪ್ಪನನ್ನ ಕೊಂದ ಅನ್ನೋ ಆಪಾದನೆ ನಿಲ್ಲಲ್ಲ,” ಎಂದಳು ಅಕ್ಕ. ಅವಳ ಮಾತಿನಲ್ಲಿ ಎಲ್ಲೋ ಒಂದು ಗಂಟು ಉಳಿದಿದೆ ಎಂದು ನನಗೆ ಅನ್ನಿಸಿತು. ಹುಡುಗಿಗೆ ಅನ್ನಿಸಲಿಲ್ಲ. ಅವಳು ಕಿಟಕಿಯಾಚೆ ನೋಡುತ್ತಾ ಕೂತಳು. ಒಂದೆರಡು ತಿರುವು ದಾಟಿದ ಮೇಲೆ ಅವಳ ಧ್ವನಿ ಬದಲಾಯಿತು.

“ಅಣ್ಣ ಜೈಲಲ್ಲಿರೋದು ಊರಿಗೆಲ್ಲ ಗೊತ್ತು. ಅಪ್ಪಂಗೂ ಗೊತ್ತಿರತ್ತೆ. ಗೊತ್ತಿದ್ದೂ ಕೆಳಗೆ ಇಳಿದು ಬರದೆ, ಮೇಲೇ ನಡೀತಾ ಇದ್ದಾರಾ?”

ನಾನು ಸುಮ್ಮನೆ ಹಾರ್ನು ಒತ್ತಿದೆ. ಮುಂದೆ ಯಾರೂ ಇರಲಿಲ್ಲ.

ಜೈಲಿನ ಭೇಟಿ ಕೋಣೆಗೆ ಸುಣ್ಣ ಬಳಿದು ಹೆಚ್ಚು ದಿನವಾಗಿರಲಿಲ್ಲ, ಗೋಡೆಗೆ ಒರಗಿದರೆ ಅಂಗಿಗೆ ಅಂಟುತ್ತಿತ್ತು. ಮಧ್ಯೆ ಕಬ್ಬಿಣದ ಜಾಲರಿ. ಎರಡೂ ಕಡೆ ಒಂದೊಂದು ಬೆಂಚು. ಕಾವಲಿನವನು ನಮ್ಮನ್ನು ಒಳಗೆ ಬಿಟ್ಟು, ಬಾಗಿಲಾಚೆ ಹೋಗಿ ಹೆಂಡತಿಯೊಂದಿಗೋ ಯಾರೊಂದಿಗೋ ಫೋನಿನಲ್ಲಿ ಜಗಳ ಶುರುಮಾಡಿದ. ಅವನ ದನಿ ಅಲ್ಲಿಂದಲೇ ಕೇಳುತ್ತಿತ್ತು.

ಅವಳ ಅಣ್ಣ ಬಂದ. ಫೋಟೋದಲ್ಲಿ ನೋಡಿದ್ದ ಗಟ್ಟಿಮುಟ್ಟಾದ ಆಳಲ್ಲ. ಗಡ್ಡ ಬಿಟ್ಟು, ಕಣ್ಣು ಗುಳಿಬಿದ್ದು, ತಂಗಿಯನ್ನು ನೋಡಿದರೂ ನೋಡದವನಂತೆ ಬೆಂಚಿನ ತುದಿಯಲ್ಲಿ ಕೂತ. ಎಂದಿನಂತೆ ಬಾಯಿ ಬಿಗಿದಿತ್ತು.

ತಂಗಿ ಜಾಲರಿಗೆ ಎರಡೂ ಕೈ ಹಾಕಿ ಹಿಡಿದಳು.

“ಅಣ್ಣಾ, ಕೇಳು. ನೀನು ಮಾತಾಡಬೇಡ, ಸುಮ್ನೆ ಕೇಳು. ಕಾಲುವೇಲಿ ಸಿಕ್ಕಿದ್ದು ಅಪ್ಪ ಅಲ್ಲ. ನಾನು ಕಣ್ಣಾರೆ ನೋಡ್ಕೊಂಡು ಬಂದೆ. ಕಾಲು ಅಪ್ಪಂದೇ, ಆದ್ರೆ ಹಳೇದು, ಬಿಸಾಕಿದ್ದು. ಅದನ್ನ ಯಾರಿಗೋ ಕೊಟ್ಟಿದ್ರು. ಕೋಟೂ ಅವನಿಗೇ ಕೊಟ್ಟಿದ್ರು. ಕಾಲಣ್ಣ ಕೋರ್ಟಲ್ಲಿ ಹೇಳ್ತಾನೆ. ಸೋಮವಾರ ನೀನು ಮನೆಗೆ ಬರ್ತೀಯ ಕಣೋ!”

ಅವನು ಅಲುಗಾಡಲಿಲ್ಲ. ಕೇಳಿಸಿತೋ ಇಲ್ಲವೋ ಎಂದು ನನಗೆ ಅನುಮಾನ ಬಂತು.

“ಅಣ್ಣಾ, ಅಪ್ಪ ಬದುಕಿದ್ದಾರೆ.”

ಆಗ ತಲೆಯೆತ್ತಿದ. ಎಷ್ಟು ದಿನಗಳಿಂದ ಬಳಸದ ಗಂಟಲೋ, ಮೊದಲ ಮಾತು ಹೊರಗೆ ಬರಲಿಲ್ಲ. ಕೆಮ್ಮಿದ. ಎದ್ದು ಬಂದು ಜಾಲರಿಯ ಹತ್ತಿರ ನಿಂತ.

“ನಿಜವಾಗ್ಲೂ?”

“ನನ್ನ ಆಣೆ.”

ಅವಳು ನಗುತ್ತಿದ್ದಳು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅವನ ಮುಖದಲ್ಲೂ ಒಂದು ಕ್ಷಣ ಏನೋ ಬೆಳಕು ಬಂದ ಹಾಗಾಯಿತು. ನಾನು ಮನಸ್ಸಿನಲ್ಲೇ ಉಸ್ಸಪ್ಪಾ ಎಂದೆ. ಅಷ್ಟರಲ್ಲಿ ಆ ಬೆಳಕು ಆರಿತು. ಅವನು ಜಾಲರಿ ಹಿಡಿದುಕೊಂಡೇ ಜಾರಿ ನೆಲಕ್ಕೆ ಕೂತ.

“ಹಾಗಾದ್ರೆ ನಾನು ತಳ್ಳಿದ್ದು ಯಾರನ್ನ?”

ಹೊರಗೆ ಕಾವಲಿನವನು ಇನ್ನೂ ಜಗಳವಾಡುತ್ತಿದ್ದ.

“ಕತ್ತಲಾಗ್ತಾ ಇತ್ತು,” ಎಂದ ಅವನು, ನೆಲ ನೋಡುತ್ತಾ. “ತೂಬಿನ ಕಟ್ಟೆ ಮೇಲೆ ಮುಂದೆ ಹೋಗ್ತಿದ್ದ. ಅಪ್ಪನ ಕೋಟು. ಅದೇ ಹೆಜ್ಜೆ. ಅವತ್ತು ಜಗಳದಲ್ಲಿ ಅಷ್ಟು ಜನರ ಎದುರಿಗೆ ನೀನು ನನ್ನ ಮಗನೇ ಅಲ್ಲ ಅಂದಿದ್ರು. ಕ್ಷಮೆ ಕೇಳೋಣ ಅಂತಲೇ ಹಿಂದೆ ಹೋಗಿದ್ದು ಕಣೇ. ನಿನ್ನಾಣೆಗೂ ಕ್ಷಮೆ ಕೇಳೋಕೇ ಹೋಗಿದ್ದು. ಭುಜ ಹಿಡಿದೆ. ತಿರುಗದೇನೇ ಕೈ ಕೊಡವಿ ‘ಯಾರಪ್ಪಾ ನೀನು?’ ಅಂದ. ಇನ್ನೂ ಅದೇ ಹಠ, ಹೆತ್ತ ಮಗನ್ನೇ ಯಾರು ಅಂತ ಕೇಳ್ತಾರಲ್ಲ ಅಂತ...” ಅವನು ತನ್ನ ಅಂಗೈಗಳನ್ನು ನೋಡಿಕೊಂಡ. “ಬಿದ್ದ ಮೇಲೆ ನೀರಿಗೆ ಇಳಿದೆ. ಹುಡುಕಿದೆ. ಸಿಗಲಿಲ್ಲ. ಅಪ್ಪನ್ನ ಕೊಂದೋನು ಮಾತಾಡೋಕೆ ಏನು ಉಳಿದಿರತ್ತೆ ಅಂತ ಸುಮ್ಮನಿದ್ದೆ. ಅವನಿಗೆ ನಾನು ಯಾರು ಅಂತ ನಿಜವಾಗ್ಲೂ ಗೊತ್ತಿರಲಿಲ್ಲ. ಪಾಪದೋನು, ಕೇಳಿದ ಅಷ್ಟೇ.”

ಅಕ್ಕ ಬೆಂಚಿನ ಮೇಲೆ ಕೂತುಬಿಟ್ಟಳು. ಅಪ್ಪನನ್ನು ಕೊಂದೆ ಎಂದು ಕೊರಗುತ್ತಿದ್ದವನು ಅಪ್ಪನನ್ನು ಕೊಂದಿರಲಿಲ್ಲ. ಆದರೆ ಕೊಂದದ್ದು ನಿಜ. ಇನ್ನು ಕೋಟು ಬಿಚ್ಚಿ ಕೊಟ್ಟು ನಗುತ್ತಾ ನಿಂತಿದ್ದ ಆ ದೊಡ್ಡ ಮನಸ್ಸಿನ ಯಜಮಾನರು ಏನು ಯೋಚಿಸಿ ಕೊಟ್ಟರೋ.

ತಂಗಿ ಜಾಲರಿಯಿಂದ ಕೈ ತೆಗೆದಳು. ಸೆರಗಿನಿಂದ ಮುಖ ಒರೆಸಿಕೊಂಡಳು, ಬಹಳ ಶಿಸ್ತಾಗಿ, ಎರಡೂ ಕೆನ್ನೆ, ಆಮೇಲೆ ಗಲ್ಲ. ಬಾಗಿಲಿನ ಕಡೆ ಹೋಗಿ ಕಾವಲಿನವನ ಬೆನ್ನು ಎಷ್ಟು ದೂರವಿದೆ ಎಂದು ನೋಡಿದಳು. ವಾಪಸು ಬಂದು ಅಕ್ಕನ ಎದುರಿಗೆ ಮಂಡಿಯೂರಿ ಕೂತು, ಅವಳ ಎರಡೂ ಕೈಗಳನ್ನು ಹಿಡಿದುಕೊಂಡಳು.

“ಮೇಡಂ, ಕಾಲಣ್ಣ ಹೇಳಿದ್ದು ಮಾತ್ರ ನಿಮಗೆ ಗೊತ್ತಿರೋದು. ಇಲ್ಲಿ ನಮ್ಮಣ್ಣ ಯಾವತ್ತಿನ ಹಾಗೆ ಇವತ್ತೂ ಬಾಯಿ ಬಿಟ್ಟಿಲ್ಲ. ಅಲ್ವಾ?”

ಅಕ್ಕ ನನ್ನ ಮುಖ ನೋಡಿದಳು. ಹೊರಗೆ ಫೋನಿನ ಜಗಳ ನಿಂತಿತು, ಕಾವಲಿನವನು ಒಳಗೆ ಬರುತ್ತಿದ್ದ.